ಮೂಲಸ್ಥಿತಿ ಸಮೀಕ್ಷೆ, ಜೀವನೋಪಾಯ ನೆರವಿನಲ್ಲಿ: ಮೈಸೂರು ಸೀಮೆ

ನೆರೆ, ಬರ, ಒಕ್ಕಲೆಬ್ಬಿಸುವಿಕೆ, ವಲಸೆ, ಸಾಂಕ್ರಾಮಿಕ ರೋಗ ಮೊದಲಾದವುಗಳಿಂದ ದುಡಿಮೆಯ ದಾರಿ ಕಳೆದುಕೊಂಡ ಕುಟುಂಬಗಳಿಗೆ ನೆರವಿನ ಕಾರ್ಯಕ್ರಮವೊಂದು ಆರಂಭವಾಗುವ ಮುನ್ನ, ಆ ಕುಟುಂಬಗಳ ಆದಾಯ, ಆಸ್ತಿ, ಸಾಲ, ಊಟ, ಕಸುಬು, ಕೌಶಲಗಳು ಯಾವ ಮಟ್ಟದಲ್ಲಿವೆ ಎಂಬುದನ್ನು ನಿಗದಿತ ಕ್ರಮದಲ್ಲಿ ಅಳೆದು ದಾಖಲಿಸುವ ಕೆಲಸಕ್ಕೆ ಮೂಲಸ್ಥಿತಿ ಸಮೀಕ್ಷೆ ಎಂದು ಹೆಸರು. ಸ್ವಯಂಸೇವಾ ಸಂಸ್ಥೆಗಳ ದಿನಬಳಕೆಯಲ್ಲಿ ಇದು ಬೇಸ್‌ಲೈನ್ ಸರ್ವೆ, ಅಥವಾ ಬರಿಯ ಬೇಸ್‌ಲೈನ್. ಕಾರ್ಯಕ್ರಮ ಮುಗಿದ ಮೇಲೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ ಪಡೆಯುವ ಅಂತ್ಯಸ್ಥಿತಿ ಸಮೀಕ್ಷೆಯ, ಅಂದರೆ ಎಂಡ್‌ಲೈನಿನ, ಅಂಕಿಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ ಇದರ ಬೆಲೆ ತಿಳಿಯುತ್ತದೆ. ಎರಡರಲ್ಲಿ ಅಂತ್ಯಸ್ಥಿತಿಯನ್ನು ತುಸು ತಡವಾಗಿ ಮಾಡಬಹುದು, ಕೆಟ್ಟರೆ ಮರಳಿ ಮಾಡಬಹುದು; ಮೂಲಸ್ಥಿತಿಗೆ ಆ ಅನುಕೂಲವಿಲ್ಲ, ಏಕೆಂದರೆ ನೆರವು ಒಮ್ಮೆ ಮನೆಯ ಹೊಸ್ತಿಲು ದಾಟಿದ ಮೇಲೆ ಮೊದಲಿದ್ದ ಸ್ಥಿತಿ ಅಳೆಯಲು ಸಿಗುವುದಿಲ್ಲ. ಕಾಲನಿರ್ಣಯ, ಮಾದರಿಯ ಆಯ್ಕೆ, ಪ್ರಶ್ನಾವಳಿ, ಗಣತಿದಾರರ ತರಬೇತಿ, ಮಾಹಿತಿಯ ಕಾಪು ಇವೆಲ್ಲ ಸೇರಿದ ನಿರ್ವಹಣೆಗೆ ಇಷ್ಟು ತೂಕ ಬಂದಿರುವುದು ಈ ಕಾರಣದಿಂದ.

ಜೀವನೋಪಾಯ ಎಂಬ ಮಾತು ಇಲ್ಲಿ ಕೂಲಿ ಅಥವಾ ಸಂಬಳಕ್ಕಿಂತ ವಿಶಾಲವಾದುದು. ರಾಬರ್ಟ್ ಚೇಂಬರ್ಸ್ ಮತ್ತು ಗಾರ್ಡನ್ ಕಾನ್‌ವೇ 1992ರಲ್ಲಿ ಕೊಟ್ಟ ವಿವರಣೆಯಂತೆ ಬದುಕುವುದಕ್ಕೆ ಬೇಕಾದ ಸಾಮರ್ಥ್ಯ, ಆಸ್ತಿ, ಚಟುವಟಿಕೆ ಮೂರೂ ಅದರಲ್ಲಿ ಸೇರುತ್ತವೆ. ಮಾತ್ರವಲ್ಲ, ಆಘಾತ ತಗುಲಿದಾಗ ತಡೆದುಕೊಂಡು ಮತ್ತೆ ಎದ್ದು ನಿಲ್ಲಬಲ್ಲ ಜೀವನೋಪಾಯವೇ ಬಾಳಿಕೆಯುಳ್ಳದ್ದು ಎಂಬುದು ಅವರ ಮತ. ಆಮೇಲೆ ಬಂದ ಚೌಕಟ್ಟುಗಳು ಆಸ್ತಿಯನ್ನು ಮಾನವ, ಸಾಮಾಜಿಕ, ನೈಸರ್ಗಿಕ, ಭೌತಿಕ, ಹಣಕಾಸು ಎಂದು ಐದು ಬಗೆಯ ಬಂಡವಾಳಗಳಾಗಿ ವಿಂಗಡಿಸಿದವು. ಪ್ರಶ್ನಾವಳಿಗಳು ಇಂದಿಗೂ ಬಹುಮಟ್ಟಿಗೆ ಈ ಐದು ಕಂಬಗಳ ಮೇಲೆಯೇ ನಿಂತಿವೆ.

ಮೈಸೂರು ಸೀಮೆಯ ಪೂರ್ವೇತಿಹಾಸ

ಸಮೀಕ್ಷೆಗೆ ಒಳಗಾಗುವುದು ಮೈಸೂರಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬೆಳೆ, ನೇಯ್ಗೆ, ಕೂಲಿ, ಅಳತೆ, ತೂಕಗಳನ್ನು ಊರೂರಿನಲ್ಲಿ ವಿಚಾರಿಸಿ ಬರೆದುಕೊಂಡನು. ಅವನ ಮೂರು ಸಂಪುಟಗಳು 1807ರಲ್ಲಿ ಹೊರಬಂದವು. ಗೆದ್ದ ನೆಲದಲ್ಲಿ ಏನಿದೆ ಎಂಬ ಆಡಳಿತಗಾರರ ಕುತೂಹಲ ಅದರ ಹಿಂದಿದ್ದರೂ ಒಂದು ನಾಡಿನ ಕಸುಬುಗಳ ಆರಂಭಸ್ಥಿತಿಯ ದಾಖಲೆಯಾಗಿ ಅದು ಉಳಿದಿದೆ.

ನೆರವಿನ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ದಾಖಲೆ 1871ರ ಜನಗಣತಿ. ಆ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷವಿದ್ದು, 1876ರಿಂದ 1878ರವರೆಗಿನ ಮಹಾಕ್ಷಾಮ ಕಳೆದ ಮೇಲೆ 1881ರ ಗಣತಿಯಲ್ಲಿ ಅದು ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಗಂಜಿಕೇಂದ್ರಗಳ ಲೆಕ್ಕ, ಸತ್ತವರ ಲೆಕ್ಕ ಎರಡೂ ಆ ಗೊಂದಲದಲ್ಲಿ ನಂಬಲರ್ಹವಾಗಿರಲಿಲ್ಲ. ಕ್ಷಾಮದ ನಿಜವಾದ ಆಳ ಕಂಡದ್ದು ಹತ್ತು ವರ್ಷ ಅಂತರದ ಎರಡು ಅಂಕಿಗಳ ನಡುವೆ. 1871ರ ಗಣತಿಯನ್ನು ಕ್ಷಾಮಕ್ಕಾಗಿ ಯಾರೂ ಮಾಡಿಸಿರಲಿಲ್ಲ, ಆದರೆ ಅದಿಲ್ಲದಿದ್ದರೆ ಕ್ಷಾಮ ಎಷ್ಟು ಜನರನ್ನು ನುಂಗಿತೆಂಬುದು ಬರಿಯ ಊಹೆಯಾಗಿ ಉಳಿಯುತ್ತಿತ್ತು.

ಸ್ವಾತಂತ್ರ್ಯಾನಂತರ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ 1951-52ರಲ್ಲಿ ಮೈಸೂರು ಜನಸಂಖ್ಯಾ ಅಧ್ಯಯನವನ್ನು ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಇದೇ ಕಾಲದಲ್ಲಿ ನಡೆದ ಎರಡು ಗ್ರಾಮ ಅಧ್ಯಯನಗಳು ಮೂಲಸ್ಥಿತಿಯ ವಿಚಾರದಲ್ಲಿ ಇನ್ನೂ ಹೆಚ್ಚು ಕಲಿಸುತ್ತವೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಎಂಬ ಕಲ್ಪಿತ ಹೆಸರಿನಿಂದ ಕರೆದ ಹಳ್ಳಿಯಲ್ಲಿ ತಂಗಿ ಕೆಲಸ ಮಾಡಿದರು. ಅವರ ಟಿಪ್ಪಣಿಗಳಿಗೆ ಒದಗಿದ ಗತಿಯನ್ನು ಮುಂದೆ ಹೇಳಲಾಗುವುದು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶಬಿಟ್ಟು ಇಂಗ್ಲೆಂಡಿಗೆ ಬಂದ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳನ್ನು ವಂಗಲ, ದಲೇನ ಎಂಬ ಮಾರುಹೆಸರುಗಳಲ್ಲಿ ಅಧ್ಯಯನ ಮಾಡಿದರು. ವಂಗಲಕ್ಕೆ ಕೃಷ್ಣರಾಜಸಾಗರದ ನಾಲೆಯ ನೀರು ಹರಿದು ಕಬ್ಬು ಬಂದಿತ್ತು. ನೆಲ ಎತ್ತರದಲ್ಲಿದ್ದ ದಲೇನಕ್ಕೆ ನೀರು ಏರಲಿಲ್ಲ. ನೀರು ಬಂದ ಊರಿನಲ್ಲಿ ಆದಾಯ ಹೆಚ್ಚಿದರೂ ಹಳೆಯ ಸಾಮಾಜಿಕ ಸಂಬಂಧಗಳು ಹೆಚ್ಚು ಕದಲಲಿಲ್ಲವೆಂದೂ, ನೀರು ಸಿಗದ ದಲೇನದವರು ಮಂಡ್ಯದ ಕೆಲಸ, ಗಾಡಿ ಬಾಡಿಗೆ, ವ್ಯಾಪಾರಗಳಿಗೆ ಕೈಹಾಕಿದ್ದರಿಂದ ಅಲ್ಲಿಯ ಬದುಕೇ ಹೆಚ್ಚು ಬದಲಾಯಿತೆಂದೂ ಅವರು ತೋರಿಸಿದರು. ಸೌಲಭ್ಯ ತಲುಪಿದ ಊರನ್ನು ತಲುಪದ ಊರಿನೊಡನೆ ಹೋಲಿಸುವ ಕ್ರಮ ಇಂದು ನೆರವು ಸಂಸ್ಥೆಗಳ ಕೈಪಿಡಿಗಳಲ್ಲಿ ಕಡ್ಡಾಯವೆಂಬಂತೆ ಬಂದಿದೆ. ತಲುಪದ ಊರು ಸುಮ್ಮನೆ ನಿಂತಿರುತ್ತದೆ ಎಂಬ ಕೈಪಿಡಿಗಳ ಊಹೆ ತಪ್ಪೆಂಬುದನ್ನೂ ದಲೇನ ಅಷ್ಟೇ ಮೊದಲು ತೋರಿಸಿತ್ತು. ಎಪ್‌ಸ್ಟೈನ್ 1970ರಲ್ಲಿ ಮರಳಿ ಬಂದಾಗ ಅವರದೇ ಹಳೆಯ ಅಂಕಿಗಳು ಮೂಲಸ್ಥಿತಿಯಾಗಿ ಒದಗಿದವು; ಆದರೆ ನಾಲೆಗೆ ಮೊದಲಿನ ವಂಗಲ ಹೇಗಿತ್ತೆಂಬುದನ್ನು ಅವರು ಹಿರಿಯರ ನೆನಪಿನಿಂದ ಕಟ್ಟಿಕೊಳ್ಳಬೇಕಾಗಿತ್ತು.

ನೆಲೆ ತಪ್ಪಿದವರು ಮತ್ತು ಸಂಸ್ಥೆಗಳು

ಮೈಸೂರು ಜಿಲ್ಲೆಯಲ್ಲಿ ಆಧುನಿಕ ಅರ್ಥದ ಮಾನವೀಯ ನೆರವು ಟಿಬೆಟಿನ ನಿರಾಶ್ರಿತರೊಡನೆ ಬಂದಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲದಲ್ಲಿ 1960-61ರಲ್ಲಿ ಮೊದಲ ನೆಲೆ ಆರಂಭವಾಯಿತು. ಎತ್ತರದ ಶೀತದೇಶದ ಪಶುಪಾಲಕರೂ ಕೃಷಿಕರೂ ಇಲ್ಲಿಯ ಕೆಂಪುಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಈ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ್ದು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅದರ ಇಂಗ್ಲಿಷ್ ಮೊದಲಕ್ಷರಗಳಿಂದ ಮೈರಾಡ. 1980ರ ದಶಕದ ಹೊತ್ತಿಗೆ ಮೈರಾಡ ಗ್ರಾಮೀಣ ಬಡವರ ಕಡೆಗೆ ಹೊರಳಿತು. ಮುಗ್ಗರಿಸಿದ ಸಹಕಾರ ಸಂಘಗಳ ಸದಸ್ಯರು ತಾವೇ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡದ್ದನ್ನು ಬೆಂಬಲಿಸಿ ಸ್ವಸಹಾಯ ಸಂಘಗಳ ಮಾದರಿಯನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ರಾಷ್ಟ್ರಮಟ್ಟದ ಪ್ರಾಯೋಗಿಕ ಯೋಜನೆ ಆರಂಭವಾಯಿತು. 1989ರ ಸುಮಾರಿನಿಂದ ಮೈರಾಡ ರೂಢಿಗೆ ತಂದ ಸಹಭಾಗಿ ಗ್ರಾಮೀಣ ಸಮೀಕ್ಷೆಯಲ್ಲಿ ಊರವರೇ ಅಂಗಳದಲ್ಲಿ ರಂಗೋಲಿಪುಡಿಯಿಂದ ಊರಿನ ನಕ್ಷೆ ಬರೆದು, ಬೀಜ ಕಲ್ಲುಗಳನ್ನಿಟ್ಟು ಯಾವ ಮನೆ ಎಷ್ಟು ಬಡತನದಲ್ಲಿದೆ ಎಂದು ವಿಂಗಡಿಸುತ್ತಾರೆ. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವ ಕ್ರಮಕ್ಕೆ ಇದು ಪೈಪೋಟಿಯೆಂದು ಕೆಲವರು ವಾದಿಸಿದರೂ ಒಳ್ಳೆಯ ಬೇಸ್‌ಲೈನುಗಳು ಎರಡನ್ನೂ ಬಳಸುತ್ತವೆ: ನಕ್ಷೆಯಿಂದ ಮನೆಗಳ ಪಟ್ಟಿ, ಪ್ರಶ್ನಾವಳಿಯಿಂದ ಅಂಕಿ.

ಟಿಬೆಟಿನವರ ವಿಷಯದಲ್ಲಿ ಆರಂಭದಿಂದ ಪಟ್ಟಿಗಳಿದ್ದವು. ಅದೇ ಜಿಲ್ಲೆಯ ಕಾಡುಗಳಿಂದ ಹೊರಬಿದ್ದ ಆದಿವಾಸಿಗಳ ಕಥೆ ಬೇರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬಿಗಿಯಾದ ನಾಗರಹೊಳೆಯ ಗಡಿ ಇವುಗಳಿಂದ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳು, ಅಂದರೆ ಆದಿವಾಸಿ ನೆಲೆಗಳು, ಚದುರಿದವು. ಹೈಕೋರ್ಟಿನ ನಿರ್ದೇಶನದಂತೆ ನೇಮಕವಾದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರ ತನ್ನ ವರದಿಯಲ್ಲಿ 3,418 ಕುಟುಂಬಗಳನ್ನು ಗುರುತಿಸಿ ಪುನರ್ವಸತಿಗೆ ಶಿಫಾರಸು ಮಾಡಿತು. ಹೊರಹಾಕುವ ದಿನ ಒಂದು ಮಧ್ಯಾಹ್ನದಲ್ಲಿ ಬರೆಯಬಹುದಾಗಿದ್ದ ಪಟ್ಟಿಯನ್ನು ನಲವತ್ತು ವರ್ಷಗಳಾದ ಮೇಲೆ ಸಮಿತಿಯೊಂದು ಹಾಡಿಯಿಂದ ಹಾಡಿಗೆ ತಿರುಗಿ ಕಟ್ಟಬೇಕಾಯಿತು. ಮೂಲಸ್ಥಿತಿಯಿಲ್ಲದೆ ನಡೆಯುವ ಕೆಲಸದ ವೆಚ್ಚವನ್ನು ಅಳೆಯಲು ಮೈಸೂರು ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಇಂದು ಮೈಸೂರು ನಗರ ಇಂತಹ ಸಮೀಕ್ಷೆಗಳಿಗೆ ಬೇಕಾದ ಪರಿಕರಗಳು ಒಂದೆಡೆ ಸಿಗುವ ಊರು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡನೆ 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರು, ಎಚ್.ಡಿ. ಕೋಟೆ ಭಾಗದ ಹಾಡಿಗಳಲ್ಲಿ ದಶಕಗಳ ಕೆಲಸ ಮಾಡಿದೆ. ಅದೇ ಬಳಗದಿಂದ 2011ರಲ್ಲಿ ಆರಂಭವಾದ ಗ್ರಾಮ್ ಸಂಸ್ಥೆ ಸಮೀಕ್ಷೆ, ಮೌಲ್ಯಮಾಪನಗಳನ್ನೇ ಕಸುಬಾಗಿಸಿಕೊಂಡಿದೆ. ಪಂಚಾಯಿತಿ ಸದಸ್ಯರಿಗೂ ಅಧಿಕಾರಿಗಳಿಗೂ ತರಬೇತಿ ನೀಡುವ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ, 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ, ಮಾನಸಗಂಗೋತ್ರಿಯ ಸಮಾಜಕಾರ್ಯ ವಿಭಾಗ ಇವೂ ಇಲ್ಲಿಯವೇ.

ಕುಟುಂಬ ಯಾವುದು, ಕಾಲ ಯಾವುದು

ಪ್ರಶ್ನಾವಳಿ ಬರೆಯುವ ಮೊದಲು ಇತ್ಯರ್ಥವಾಗಬೇಕಾದ್ದು ಕುಟುಂಬ ಎಂದರೇನು ಎಂಬುದು. ಒಂದೇ ಒಲೆಯ ಅಡುಗೆಯನ್ನು ಉಣ್ಣುವವರು ಒಂದು ಕುಟುಂಬ ಎಂಬುದು ಜನಗಣತಿಯ ರೂಢಿ. ಮೇಲ್ನೋಟಕ್ಕೆ ಸರಳವಾದ ಈ ಸೂತ್ರ ಮೈಸೂರು ಜಿಲ್ಲೆಯಲ್ಲಿ ಎಡವುವ ಜಾಗಗಳು ಹಲವು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಕುಟುಂಬಗಳವರು ಗಿಡಮೂಲಿಕೆ ಎಣ್ಣೆ, ಔಷಧಿಗಳನ್ನು ಮಾರಲು ಆಫ್ರಿಕಾದ ದೇಶಗಳಿಗೆ ತಿಂಗಳುಗಟ್ಟಲೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಲುಕಿದ ಕರ್ನಾಟಕದವರಲ್ಲಿ ಅವರು ಬಹಳ ಮಂದಿ ಇದ್ದರು. ಆರು ತಿಂಗಳಿಂದ ಊರಿನಲ್ಲಿ ಉಣ್ಣದ, ಆದರೆ ಮನೆಯ ಹಣವನ್ನೆಲ್ಲ ಗಳಿಸುವ ಗಂಡಸನ್ನು ಒಲೆಯ ಸೂತ್ರದಿಂದ ಹೊರಗಿಟ್ಟರೆ ಆ ಮನೆ ದಿಕ್ಕಿಲ್ಲದ ಹೆಣ್ಣಿನ ಮನೆಯಾಗಿ ದಾಖಲಾಗುತ್ತದೆ. ಆದ್ದರಿಂದ ಹಿಂದಿನ 12 ತಿಂಗಳಲ್ಲಿ ಮನೆಯ ಖರ್ಚಿಗೆ ಹಣ ಕೊಟ್ಟವರು, ಉಂಡವರು ಎಂದು ಎರಡು ಪಟ್ಟಿಗಳನ್ನು ಬೇರೆಯಾಗಿ ಬರೆಯುವುದು ಒಳ್ಳೆಯದು.

ಎರಡನೆಯ ಇತ್ಯರ್ಥ ಕಾಲದ್ದು. ಕೊಡಗಿನ ಕಾಫಿ ಕೊಯ್ಲು ನವೆಂಬರಿನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ, ಹೀಗೆ ಸಾಗುತ್ತದೆ. ಆ ತಿಂಗಳುಗಳಲ್ಲಿ ಹುಣಸೂರು, ಎಚ್.ಡಿ. ಕೋಟೆಗಳ ಹಾಡಿಗಳಿಂದ ಗಂಡ, ಹೆಂಡತಿ, ಮಕ್ಕಳೆಲ್ಲ ತೋಟಗಳ ಲೈನ್ ಮನೆಗಳಿಗೆ ಹೋಗಿರುತ್ತಾರೆ. ಜನವರಿಯಲ್ಲಿ ಹಾಡಿಗೆ ಬರುವ ಗಣತಿದಾರನಿಗೆ ಕಾಣುವುದು ಕಟ್ಟಿದ ಬಾಗಿಲು, ಅಂಗಳದಲ್ಲಿ ಒಬ್ಬ ಮುದುಕಿ, ಎರಡು ನಾಯಿ; ತನ್ನ ಹಾಳೆಯಲ್ಲಿ ಆ ಮನೆಗೆ ಬೀಗ ಎಂದು ಬರೆದು, ಬದಲಿ ಪಟ್ಟಿಯಿಂದ ಪಕ್ಕದ ಮನೆ ಹಿಡಿಯುತ್ತಾನೆ. ಹಾಗೆ ಬದಲಿಯಾಗಿ ಬಂದ ಮನೆಗಳು ಊರಲ್ಲೇ ಉಳಿಯಲು ಕಾರಣವಿದ್ದ ಮನೆಗಳು, ಅಂದರೆ ತುಸು ನೆಲವಿದ್ದವು ಅಥವಾ ಕಾಯಿಲೆಯವರಿದ್ದವು. ಸರಾಸರಿ ಆಗಲೇ ಓರೆಯಾಯಿತು. ಬೈಲಕುಪ್ಪೆಯ ಟಿಬೆಟಿನವರು ಚಳಿಗಾಲದಲ್ಲಿ ದೂರದ ನಗರಗಳಿಗೆ ಸ್ವೆಟರ್ ಮಾರಲು ಹೋಗುವುದರಿಂದ ಅಲ್ಲಿಯೂ ಇದೇ ತೊಡಕು. ಹೊಗೆಸೊಪ್ಪು ಬೆಳೆಯುವ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಹರಾಜು ಮಾರುಕಟ್ಟೆ ತೆರೆದ ಮೇಲೆ ಕೈಯಲ್ಲಿ ಹಣ, ಅದಕ್ಕೆ ಮೊದಲು ಬರೀ ಸಾಲ. ನಗರದಲ್ಲಿ ದೇವರಾಜ ಮಾರುಕಟ್ಟೆಯ ಹೂವಿನವರಿಗೆ ದಸರಾ ವಾರದ ಗಳಿಕೆ ಬೇರೆ, ಮದುವೆ ಇಲ್ಲದ ಆಷಾಢದ ಗಳಿಕೆ ಬೇರೆ. ಹೀಗಾಗಿ ಅಂತ್ಯಸ್ಥಿತಿಯನ್ನು ಮೂಲಸ್ಥಿತಿಯ ತಿಂಗಳಿನಲ್ಲೇ ಮಾಡಬೇಕೆಂಬ ನಿಯಮವಿದೆ. ಅನುದಾನದ ವರ್ಷ ಮಾರ್ಚ್‌ಗೆ ಮುಗಿಯುವುದರಿಂದ ಈ ನಿಯಮ ಮುರಿಯುವುದೇ ಹೆಚ್ಚು.

ಮಾದರಿ

ಎಲ್ಲ ಮನೆಗಳನ್ನೂ ಕೇಳಲು ಹಣವಿಲ್ಲದಾಗ ಒಟ್ಟಿನಿಂದ ಕೆಲವು ಮನೆಗಳನ್ನು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಆರಿಸುವುದಕ್ಕೆ ಮಾದರಿ ಆಯ್ಕೆ ಎನ್ನುತ್ತಾರೆ. ಶೇ. 95ರ ವಿಶ್ವಾಸಮಟ್ಟದಲ್ಲಿ, ಹೆಚ್ಚುಕಡಿಮೆ ಶೇ. 5ರ ತಪ್ಪನ್ನು ಒಪ್ಪಿಕೊಂಡರೆ ದೊಡ್ಡ ಜನಸಮೂಹಕ್ಕೆ 384 ಮನೆಗಳು ಸಾಕೆಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಬಾಯಿಪಾಠ. ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಇರುವುದೇ 1,200 ಮನೆಗಳಾದರೆ ಈ ಸಂಖ್ಯೆ 291ಕ್ಕೆ ಇಳಿಯುತ್ತದೆ. ಆದರೆ ಒಂದು ಹಾಡಿಯ ಮನೆಗಳು ಒಂದನ್ನೊಂದು ಹೋಲುವುದರಿಂದ ಹಾಡಿಗಳನ್ನು ಗುಚ್ಛಗಳಾಗಿ ಆರಿಸಿದಾಗ ಅದನ್ನು ಒಂದೂವರೆ ಪಟ್ಟಿಗೆ ಏರಿಸಿ 437 ಮಾಡಬೇಕಾಗುತ್ತದೆ. ಎರಡು ವರ್ಷಗಳ ನಂತರ ಹತ್ತರಲ್ಲಿ ಒಂದು ಮನೆ ಸಿಗದೆ ಹೋಗುತ್ತದೆಂದು ಎಣಿಸಿದರೆ 486. ಆರು ಜನ ಗಣತಿದಾರರು ದಿನಕ್ಕೆ ಐದೈದು ಮನೆ ಮುಗಿಸಿದರೂ ಹದಿನೇಳು ಕೆಲಸದ ದಿನಗಳು ಬೇಕು. ನಡುವೆ ಒಂದು ಹಬ್ಬ ಬಂದರೆ, ಆನೆ ದಾರಿಗೆ ಬಂದು ಸಂಜೆಯ ಭೇಟಿಗಳು ತಪ್ಪಿದರೆ ಒಂದು ತಿಂಗಳು.

ಕೇಳುವ ಬಗೆ

ಆದಾಯ ಎಷ್ಟು ಎಂಬ ನೇರ ಪ್ರಶ್ನೆಗೆ ನೆಟ್ಟಗಿನ ಉತ್ತರ ಸಿಗುವುದು ಸಂಬಳದಾರರಿಂದ ಮಾತ್ರ. ಮೈಸೂರಿನ ಬಡಾವಣೆಗಳಲ್ಲಿ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವ ಹೆಂಗಸನ್ನು ತೆಗೆದುಕೊಂಡರೆ, ಅವಳ ಕೂಲಿ ದಿನಕ್ಕಲ್ಲ, ಸಾವಿರ ಕಡ್ಡಿಗೆ ಇಷ್ಟು ಎಂದು. ಕಡ್ಡಿ, ಇದ್ದಿಲಪುಡಿ, ಜಿಗಟನ್ನು ಗುತ್ತಿಗೆದಾರ ಕೊಡುತ್ತಾನೋ ಅವಳೇ ಕೊಳ್ಳುತ್ತಾಳೋ, ಮುರಿದ ಕಡ್ಡಿಗೆ ಎಷ್ಟು ಹಿಡಿಯುತ್ತಾನೆ, ಮಳೆಗಾಲದಲ್ಲಿ ಒಣಗದ ದಿನಗಳೆಷ್ಟು, ಶಾಲೆ ಬಿಟ್ಟು ಬಂದ ಮಗಳು ಸಂಜೆ ಎಷ್ಟು ಹೊತ್ತು ಕೂರುತ್ತಾಳೆ, ಮುಂಗಡ ತೆಗೆದುಕೊಂಡದ್ದಿದೆಯೇ, ಇಷ್ಟನ್ನು ಬಿಡಿಸಿ ಕೇಳಿದ ಮೇಲೆ ಮಾತ್ರ ಅವಳ ವಾರದ ಆದಾಯ ಹೊರಬರುತ್ತದೆ. ಮಗಳ ಕೈಯೂ ಸೇರಿದ ಆ ಸಾವಿರವನ್ನು ತಾಯಿಯೊಬ್ಬಳ ಆದಾಯವೆಂದು ಬರೆದುಬಿಟ್ಟರೆ ಎರಡು ತಪ್ಪುಗಳು ಒಟ್ಟಿಗೆ ನುಸುಳುತ್ತವೆ: ಹೆಂಗಸಿನ ಗಂಟೆಯ ದುಡಿಮೆಯ ಬೆಲೆ ಏರುತ್ತದೆ, ಮಗುವಿನ ದುಡಿಮೆ ಕಾಣೆಯಾಗುತ್ತದೆ.

ಹಳ್ಳಿಗಳಲ್ಲಿ ಅಳತೆಯೇ ತೊಡಕು. ರಾಗಿಯನ್ನು ರೈತ ಕ್ವಿಂಟಾಲಿನಲ್ಲೂ ಹೇಳಬಹುದು, ಮೂಟೆಯಲ್ಲೂ ಹೇಳಬಹುದು, ವಯಸ್ಸಾದವರು 100 ಸೇರಿನ ಪಲ್ಲದಲ್ಲಿ ಹೇಳುವುದೂ ಉಂಟು. ಸೇರು ಗಾತ್ರದ ಅಳತೆ, ಕ್ವಿಂಟಾಲು ತೂಕದ ಅಳತೆ. ನೆಲದ ವಿಚಾರದಲ್ಲಿ 40 ಗುಂಟೆಗೆ ಒಂದು ಎಕರೆ ಎಂಬುದರಲ್ಲಿ ಗೊಂದಲವಿಲ್ಲವಾದರೂ, 2000ದ ಸುಮಾರಿಗೆ ಭೂಮಿ ಯೋಜನೆಯಡಿ ಗಣಕಕ್ಕೇರಿದ ಪಹಣಿಯಲ್ಲಿ ಇಂದಿಗೂ ತಾತನ ಹೆಸರಿರುತ್ತದೆ, ಉಳುವವರು ಮೂವರು ಮೊಮ್ಮಕ್ಕಳು. ಪಹಣಿಯಲ್ಲಿರುವ ನೆಲ, ಉಳುತ್ತಿರುವ ನೆಲ, ವಾರಕ್ಕೆ ಅಥವಾ ಗುತ್ತಿಗೆಗೆ ಹಿಡಿದ ನೆಲ ಎಂದು ಮೂರು ಅಂಕಣಗಳಿಲ್ಲದ ಪ್ರಶ್ನಾವಳಿ ಈ ಸೀಮೆಗೆ ಹೊಂದದು.

ಊಟದ ಮಟ್ಟವನ್ನು ಅಳೆಯಲು ವಿಶ್ವ ಆಹಾರ ಕಾರ್ಯಕ್ರಮ ರೂಪಿಸಿದ ಆಹಾರ ಸೇವನಾ ಅಂಕ ಹೆಚ್ಚು ಬಳಕೆಯಲ್ಲಿದೆ. ಹಿಂದಿನ 7 ದಿನಗಳಲ್ಲಿ ಯಾವ ಆಹಾರವನ್ನು ಎಷ್ಟು ದಿನ ಉಂಡರೆಂದು ಕೇಳಿ, ಧಾನ್ಯಕ್ಕೆ 2, ಬೇಳೆಕಾಳಿಗೆ 3, ತರಕಾರಿ ಸೊಪ್ಪಿಗೆ 1, ಹಣ್ಣಿಗೆ 1, ಮಾಂಸ ಮೀನು ಮೊಟ್ಟೆಗೆ 4, ಹಾಲಿಗೆ 4, ಎಣ್ಣೆ ಸಕ್ಕರೆಗೆ ಅರ್ಧರ್ಧ ಎಂಬ ತೂಕಗಳಿಂದ ಗುಣಿಸಿ ಕೂಡುತ್ತಾರೆ. ಏಳೂ ದಿನ ಮುದ್ದೆ ಅಥವಾ ಅನ್ನ, ನಾಲ್ಕು ದಿನ ಬೇಳೆ ಇಲ್ಲವೆ ಹುರುಳಿ ಸಾರು, ಐದು ದಿನ ಸೊಪ್ಪು, ಏಳೂ ದಿನ ಒಗ್ಗರಣೆಯ ಎಣ್ಣೆ ಮತ್ತು ಟೀಯ ಸಕ್ಕರೆ ಕಂಡ ಮನೆಗೆ 38 ಅಂಕ ಬರುತ್ತದೆ. ಸಾಮಾನ್ಯ ಮಿತಿಯಂತೆ 35ಕ್ಕಿಂತ ಮೇಲಿರುವುದರಿಂದ ಇದು ತೃಪ್ತಿಕರ. ಎಣ್ಣೆ ಸಕ್ಕರೆ ದಿನವೂ ಬಳಕೆಯಲ್ಲಿರುವ ಪ್ರದೇಶಗಳಿಗೆ ಹೇಳಿರುವ 42ರ ಮಿತಿಯಂತೆ ಅಂಚಿನ ಮನೆ. ಕರ್ನಾಟಕಕ್ಕೆ ಎರಡನೆಯದೇ ಸರಿಹೊಂದುತ್ತದೆ. ಇನ್ನು ಟೀಗೆ ಬೆರೆಸಿದ ಎರಡು ಚಮಚ ಹಾಲನ್ನು ಗಣತಿದಾರ ಹಾಲು ಸೇವನೆಯೆಂದು ಏಳು ದಿನಕ್ಕೂ ಗುರುತು ಹಾಕಿದರೆ 28 ಅಂಕಗಳು ಒಮ್ಮೆಗೇ ಏರಿ ಆ ಮನೆ 66ಕ್ಕೆ ಹೋಗಿ ಕೂರುತ್ತದೆ. ಕಾಗದದ ಮೇಲೆ ಹಸಿವು ನೀಗಲು ಇಷ್ಟೇ ಸಾಕು.

ಸಾಲದ ಪ್ರಶ್ನೆ ಕೊನೆಯಲ್ಲಿ ಬರಬೇಕು, ಒಂಟಿಯಾಗಿ ಕೇಳಬೇಕು. ಸಂಘದ ಸಾಲ, ಕೈಸಾಲ, ಒಡವೆ ಗಿರವಿ, ಚೀಟಿ, ಮೈಕ್ರೋ ಫೈನಾನ್ಸ್ ಕಂತು ಇವುಗಳನ್ನು ಹೆಸರು ಹಿಡಿದು ಒಂದೊಂದಾಗಿ ವಿಚಾರಿಸದಿದ್ದರೆ ಸಾಲ ಎಂದೊಡನೆ ಬ್ಯಾಂಕಿನದು ಮಾತ್ರ ನೆನಪಾಗುತ್ತದೆ. ಕಂತಿನ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಗಿ ಬಂದ ಸ್ಥಿತಿಯಲ್ಲಿ, ಫೈಲು ಹಿಡಿದು ಬಾಗಿಲಿಗೆ ಬಂದ ಅಪರಿಚಿತ ವಸೂಲಿಯವನಲ್ಲ ಎಂಬುದು ಮೊದಲು ಮನದಟ್ಟಾಗಬೇಕು. ಬಿಪಿಎಲ್ ಕಾರ್ಡು ರದ್ದಾದೀತೆಂಬ ಅಂಜಿಕೆಯಿಂದ ಬೈಕನ್ನು ಹಿತ್ತಲಿಗೆ ಸರಿಸುವುದು, ಮನೆ ಸಿಕ್ಕೀತೆಂಬ ಆಸೆಯಿಂದ ಇರುವ ಹಸುವನ್ನು ಮರೆಯುವುದು ಎರಡೂ ಸಹಜವೇ. ಉತ್ತರ ಕೊಟ್ಟರೂ ಬಿಟ್ಟರೂ ಸೌಲಭ್ಯಕ್ಕೆ ಸಂಬಂಧವಿಲ್ಲ ಎಂಬ ಒಪ್ಪಿಗೆಯ ಮಾತನ್ನು ಬರಿದೆ ಓದಿ ಮುಗಿಸದೆ ತಿಳಿಹೇಳಬೇಕಾದದ್ದು ಇದಕ್ಕಾಗಿ.

ಗಣತಿದಾರರು ಮತ್ತು ಭಾಷೆ

ಸಮಾಜಕಾರ್ಯದ ವಿದ್ಯಾರ್ಥಿಗಳನ್ನು ದಿನಗೂಲಿಯ ಮೇಲೆ ಗಣತಿದಾರರನ್ನಾಗಿ ತೆಗೆದುಕೊಳ್ಳುವುದು ರೂಢಿ. ಬರೆಯುವುದರಲ್ಲಿ ಅವರು ಚುರುಕು. ಆದರೆ ಜೇನುಕುರುಬರ ನುಡಿ, ಮೈಸೂರಿನ ಕೆಲವು ಮೊಹಲ್ಲಾಗಳ ದಖನಿ ಉರ್ದು, ಹಕ್ಕಿಪಿಕ್ಕಿಗಳ ವಾಗ್ರಿ, ಬೈಲಕುಪ್ಪೆಯ ಟಿಬೆಟನ್ ಇವುಗಳ ಮುಂದೆ ಪುಸ್ತಕದ ಕನ್ನಡ ಹೆಚ್ಚು ದೂರ ಹೋಗದು. ಹಾಡಿಯ ಓದಿದ ಯುವತಿಯೊಬ್ಬಳನ್ನು ತಂಡಕ್ಕೆ ಸೇರಿಸಿಕೊಂಡರೆ ನುಡಿಯ ತೊಡಕು ತೀರುತ್ತದೆ, ನೆರೆಮನೆಯ ಗುಟ್ಟು ಅವಳಿಗೆ ತಿಳಿಯುವ ತೊಡಕು ಹುಟ್ಟುತ್ತದೆ. ಅದಕ್ಕೆ ಅವಳನ್ನು ಬೇರೆ ಹಾಡಿಗೆ ಕಳುಹಿಸುವುದು ವಾಡಿಕೆ. ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ತಾಳೆ ನೋಡುವ ಹಿಮ್ಮರಳು ಅನುವಾದ, ಹತ್ತಿಪ್ಪತ್ತು ಮನೆಗಳಲ್ಲಿ ಪೂರ್ವಪರೀಕ್ಷೆ, ಮೇಲ್ವಿಚಾರಕರು ನೂರಕ್ಕೆ ಐದರಿಂದ ಹತ್ತು ಮನೆಗಳಿಗೆ ಮರುಭೇಟಿ ಕೊಟ್ಟು ಕೆಲವು ಉತ್ತರಗಳನ್ನು ಸರಿನೋಡುವುದು, ಇವು ಎಲ್ಲೆಡೆ ಒಪ್ಪಿತವಾದ ಕ್ರಮಗಳು. ಫೋನಿನಲ್ಲೇ ಉತ್ತರ ತುಂಬಿಸುವ ಕೋಬೋ, ಓಡಿಕೆ ಮುಂತಾದ ತಂತ್ರಾಂಶಗಳು ಸಂಪರ್ಕವಿಲ್ಲದ ಕಾಡಂಚಿನಲ್ಲೂ ಕೆಲಸ ಮಾಡುತ್ತವೆ, ಸಿಗ್ನಲ್ ಸಿಕ್ಕಾಗ ಮಾಹಿತಿ ಕಳುಹಿಸುತ್ತವೆ. ಸಂದರ್ಶನ ಶುರುವಾದ, ಮುಗಿದ ಹೊತ್ತು ತಾನಾಗಿ ದಾಖಲಾಗುವುದರಿಂದ, ಮುಕ್ಕಾಲು ಗಂಟೆಯ ಪ್ರಶ್ನಾವಳಿ ಹನ್ನೊಂದು ನಿಮಿಷಕ್ಕೆ ಮುಗಿದಿದ್ದರೆ ಅದು ಮರದ ನೆರಳಲ್ಲಿ ಕುಳಿತು ತುಂಬಿದ್ದೆಂದು ಅಂದು ಸಂಜೆಯೇ ಗೊತ್ತಾಗುತ್ತದೆ.

ಮಾಹಿತಿಯ ಕಾಪು

ಸಂಗ್ರಹಿಸಿದ ಮಾಹಿತಿ ಹಾಳಾಗುವ ಬಗೆಗಳಲ್ಲಿ ಅತಿ ಪ್ರಸಿದ್ಧವಾದುದು ಮೈಸೂರಿನವರೊಬ್ಬರಿಗೇ ಸಂಭವಿಸಿದೆ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ಎಂ.ಎನ್. ಶ್ರೀನಿವಾಸ್ ವರ್ಷಗಳ ಕಾಲ ವಿಂಗಡಿಸಿ ಸಿದ್ಧಪಡಿಸಿದ್ದ ರಾಂಪುರದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಪ್ರತಿಗಳು ಮೂರಿದ್ದವು, ಮೂರೂ ಒಂದೇ ಕಟ್ಟಡದಲ್ಲಿದ್ದವು. ಅವರು ನೆನಪನ್ನೇ ಆಧರಿಸಿ ಬರೆದ ರಾಂಪುರದ ಪುಸ್ತಕ 1976ರಲ್ಲಿ ಬಂದು ಭಾರತದ ಸಮಾಜಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲಿ ಒಂದೆನಿಸಿತು. 486 ಮನೆಗಳ ಹಾಲು, ಸಾಲ, ಗುಂಟೆಗಳನ್ನು ನೆನಪಿನಿಂದ ಬರೆಯಬಲ್ಲವರು ಇಲ್ಲ. ಪ್ರತಿಗಳನ್ನು ಬೇರೆ ಬೇರೆ ಜಾಗಗಳಲ್ಲಿಡುವುದು, ಮೂಲ ಕಡತವನ್ನು ಮುಟ್ಟದೆ ತಿದ್ದುಪಡಿಗಳನ್ನೆಲ್ಲ ಬೇರೆ ಕಡತದಲ್ಲಿ ಕಾರಣಸಮೇತ ಬರೆಯುವುದು ಇಂದಿನ ನಿಯಮ. ಪ್ರತಿ ಮನೆಗೂ ಒಂದು ಸಂಕೇತಸಂಖ್ಯೆ ಕೊಟ್ಟು, ಹೆಸರು ಮತ್ತು ಫೋನ್ ನಂಬರುಗಳ ಪಟ್ಟಿಯನ್ನು ಉತ್ತರಗಳಿಂದ ಬೇರ್ಪಡಿಸಿ ಬೀಗದಲ್ಲಿಡುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇನ್ನಷ್ಟು ಅಗತ್ಯವಾಗಿದೆ. ಕುಟುಂಬ, ಫ್ರೂಟ್ಸ್, ಆಧಾರ್ ಹೀಗೆ ಸರ್ಕಾರಿ ಗುರುತುಸಂಖ್ಯೆಗಳನ್ನು ಬರೆದುಕೊಂಡರೆ ಎರಡು ವರ್ಷಗಳ ನಂತರ ಅದೇ ಮನೆಯನ್ನು ಹುಡುಕುವುದು ಸುಲಭ. ಸುಲಭವೆಂಬ ಒಂದೇ ಕಾರಣಕ್ಕೆ ಆಧಾರ್ ಬರೆದುಕೊಳ್ಳುವುದು ಮಾತ್ರ ಸಮರ್ಥನೀಯವಲ್ಲ. ಹಾಡಿಯ ಹೆಸರು, ಯಜಮಾನನ ಹೆಸರು, ಮನೆಯ ಗುರುತು, ಹತ್ತಿರದ ಬಂಧುವಿನ ಫೋನು ಇಷ್ಟರಿಂದ ಹೆಚ್ಚಿನ ಮನೆಗಳು ಸಿಗುತ್ತವೆ.

ಹೋಲಿಕೆ ಮತ್ತು ಹಿನ್ನೋಟ

ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸವೆಲ್ಲ ಕಾರ್ಯಕ್ರಮದ ಫಲವಲ್ಲ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಉದ್ಘಾಟನೆಯಾಯಿತು. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಶಕ್ತಿ ಯೋಜನೆ ಅದೇ ವರ್ಷದ ಜೂನ್ 11ರಿಂದ ಜಾರಿಯಲ್ಲಿತ್ತು. ಆ ವರ್ಷದ ಬೇಸಿಗೆಯಲ್ಲಿ ಬೇಸ್‌ಲೈನ್ ಮುಗಿಸಿ ಹಸು ಹಂಚಿದ ಸಂಸ್ಥೆಯೊಂದು ಎರಡು ವರ್ಷಗಳ ನಂತರ ಹೆಂಗಸರ ಆದಾಯ ವರ್ಷಕ್ಕೆ 24,000 ರೂಪಾಯಿ ಏರಿದೆಯೆಂದು ವರದಿ ಬರೆದರೆ, ಏರಿದ ಹಣ ಹಸುವಿನಿಂದ ಬಂದದ್ದಲ್ಲದಿರಬಹುದು. ಆದಾಯವನ್ನು ಮೂಲಗಳಾಗಿ ಬಿಡಿಸಿ ಬರೆದಿರುವುದು, ನೆರವು ತಲುಪದ ನೆರೆಯ ಊರುಗಳಲ್ಲಿ ಅವೇ ಪ್ರಶ್ನೆಗಳನ್ನು ಕೇಳಿರುವುದು, ಈ ಎರಡರ ಹೊರತು ಇದನ್ನು ಬಗೆಹರಿಸುವ ದಾರಿಯಿಲ್ಲ. ಎರಡು ವರ್ಷ ಏನೂ ಕೊಡದೆ ಬರಿಯ ಪ್ರಶ್ನೆ ಕೇಳಲು ಒಂದು ಊರಿಗೆ ಹೋಗುವುದು ನ್ಯಾಯವೇ ಎಂಬ ಪ್ರಶ್ನೆಗೆ ಕೈಪಿಡಿಗಳು ಕೊಡುವ ಉತ್ತರ, ಮುಂದಿನ ಹಂತದ ನೆರವನ್ನು ಆ ಊರಿಗೇ ಕೊಡುವುದು.

ತುರ್ತಿನಲ್ಲಿ ಮೊದಲು ಅಳೆಯುವುದಕ್ಕೆ ಬಿಡುವೇ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಕಬಿನಿಯ ಹೊರಹರಿವಿನಿಂದ ನಂಜನಗೂಡಿನ ತಗ್ಗುಪ್ರದೇಶಗಳು ಮುಳುಗಿದಾಗ, 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಬೀದಿ ವ್ಯಾಪಾರಿಗಳ ಗಾಡಿಗಳು ನಿಂತಾಗ ಮೊದಲ ಕೆಲಸ ದಿನಸಿ ಕಿಟ್ ಹಂಚುವುದು. ಆಮೇಲೆ ನಡೆಸುವ ಸಮೀಕ್ಷೆಯಲ್ಲಿ ಹಿಂದಿನ ಸ್ಥಿತಿಯನ್ನು ನೆನಪಿನಿಂದ ಪಡೆಯುವ ಕ್ರಮಕ್ಕೆ ಹಿನ್ನೋಟದ ಮೂಲಸ್ಥಿತಿ ಎಂದು ಹೆಸರು. ಇಸವಿ ಹೇಳಿ ಕೇಳಿದರೆ ಉತ್ತರಗಳು ಚೆದುರುವುದರಿಂದ ಊರವರ ಜೊತೆ ಕುಳಿತು ಮೊದಲು ಘಟನೆಗಳ ಪಂಚಾಂಗವೊಂದನ್ನು ಬರೆದುಕೊಳ್ಳುತ್ತಾರೆ; ಹೊಳೆ ಬೀದಿಗೆ ಬಂದ ವರ್ಷ, ಕೊರೋನಾ ಬಂದ ಬೇಸಿಗೆ, ಹಿರಿಮಗಳ ಮದುವೆಯ ಸುಗ್ಗಿ ಎಂದು ಅದರಲ್ಲಿ ಒಂದೊಂದಕ್ಕೂ ಗುರುತು. ಕಾಡಂಚಿನ ಹಾಡಿಗಳಲ್ಲಿ ಅಂಥ ಪಂಚಾಂಗದ ಮೊದಲ ಸಾಲಿನಲ್ಲಿ ಬರುವುದು ಕಬಿನಿಯಲ್ಲಿ ನೀರು ನಿಂತ ವರ್ಷ. ಅದಕ್ಕೆ ಹಿಂದಿನ ಹಾಡಿಯ ಜಾಗ, ಅಲ್ಲಿದ್ದ ಮನೆಗಳು, ಜೇನು ಕಟ್ಟುತ್ತಿದ್ದ ಮರಗಳನ್ನು ಕಂಡಿದ್ದ ಹಿರಿಯರು ಈಗ ಎಪ್ಪತ್ತು ದಾಟಿದವರು. ಅವರ ಮಾತನ್ನು ಗಣತಿದಾರರು ಬರೆದುಕೊಳ್ಳುತ್ತಾರೆ, ಪಕ್ಕದ ಅಂಕಣದಲ್ಲಿ ಆಧಾರ: ನೆನಪು ಎಂದು ಗುರುತು ಹಾಕುತ್ತಾರೆ.